ನೆಬ್ರಾಸ್ಕದ ಆ ಒಂದು ಮತದ ಬಗ್ಗೆ

ಗೆಳೆಯರೇ, 2024ರ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಅಮೆರಿಕದ ನೆಬ್ರಾಸ್ಕ ರಾಜ್ಯ ತನ್ನ ಮತ ಹಂಚಿಕೆಯ ನಿಯಮ ಬದಲಾಯಿಸಿತ್ತು ಅಂತ ನಿನ್ನೆ ಇಲ್ಲಿ ಬಂದ ಫಾರ್ವರ್ಡ್ ತಪ್ಪು. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ.

ಅಮೆರಿಕದ ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯಗಳ ಎಲೆಕ್ಟೋರಲ್ ಮತಗಳು. ನೆಬ್ರಾಸ್ಕಕ್ಕೆ ಇರುವುದು ಅಂಥ 5 ಮತ. ಎರಡು ಇಡೀ ರಾಜ್ಯ ಗೆದ್ದವರಿಗೆ, ಉಳಿದ ಮೂರು ಒಂದೊಂದು ಕ್ಷೇತ್ರ ಗೆದ್ದವರಿಗೆ. ಮೇನ್ ರಾಜ್ಯ ಬಿಟ್ಟರೆ ಬೇರೆಲ್ಲೂ ಹೀಗಿಲ್ಲ. ಒಮಾಹಾ ನಗರ ಇರುವ ಕ್ಷೇತ್ರ 2008, 2020, 2024ರಲ್ಲಿ ಡೆಮಾಕ್ರಟಿಕ್ ಕಡೆ ಹೋಯಿತು. ಆ ಒಂದು ಮತಕ್ಕಾಗಿಯೇ ರಿಪಬ್ಲಿಕನ್ನರು 2024ರ ಸೆಪ್ಟೆಂಬರ್‌ನಲ್ಲಿ, ಚುನಾವಣೆ ಕಣ್ಣೆದುರಿಗಿದ್ದಾಗ, ಐದೂ ಮತ ರಾಜ್ಯ ಗೆದ್ದವರಿಗೇ ಹೋಗುವಂತೆ ನಿಯಮ ಬದಲಾಯಿಸಲು ಓಡಾಡಿದರು. ತಡೆದವರು ಅವರದೇ ಪಕ್ಷದ, ನೆಬ್ರಾಸ್ಕ ಶಾಸನಸಭೆಯ ಸೆನೆಟರ್ ಮೈಕ್ ಮೆಕ್‌ಡೊನೆಲ್. ಅಷ್ಟು ಒತ್ತಡದಲ್ಲೂ ಬಗ್ಗಲಿಲ್ಲ, ನನಗಂತೂ ತುಂಬಾ ಗೌರವ ಮೂಡಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಯತ್ನ ನಡೆಯಿತು. ಶಾಸನಸಭೆಯಲ್ಲಿ ಚರ್ಚೆ ಮುಗಿಸಿ ಮಸೂದೆಯನ್ನು ಮುಂದೆ ಒಯ್ಯಲು 33 ಮತ ಬೇಕಿತ್ತು, ಸಿಕ್ಕಿದ್ದು 31.

ಒಂದೇ ಪಕ್ಷವನ್ನು ಬೈಯಬೇಡಿ. ನೀವು ಬದಲಾಯಿಸಿದರೆ ನಾವೂ ಬದಲಾಯಿಸುತ್ತೇವೆ ಎಂದು ಮೇನ್‌ನ ಡೆಮಾಕ್ರಟರು ಎಚ್ಚರಿಸಿದ್ದರು. 1891ರಲ್ಲಿ ಮಿಷಿಗನ್‌ನಲ್ಲಿ ಡೆಮಾಕ್ರಟರೇ ಕ್ಷೇತ್ರವಾರು ಹಂಚಿಕೆ ತಂದಿದ್ದರು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು ಕೂಡ. ಕಾನೂನಿನಲ್ಲಿ ಜಾಗ ಇದೆ, ನಿಜ. ಆದರೆ ಆಟ ಮುಗಿಯುವ ಹೊತ್ತಿಗೆ ಗೆರೆ ಅಳಿಸಿ ಬೇರೆ ಕಡೆ ಎಳೆಯೋದು ಮತದಾರರಿಗೆ ಮಾಡುವ ಅನ್ಯಾಯ ಅಲ್ವಾ?