ಕಾನು ಎಂದರೆ ಯಾವ ಕಾಲದ ಕಾನು?

ಮಾನ್ಯ ಸಂಪಾದಕರೇ,

ಸೊರಬ, ಸಾಗರ, ಹೊಸನಗರದ ಕಡೆ ಕಾನು ಎಂಬ ದಟ್ಟ ಹಸಿರಿನ ಜಾಗ ಅರಣ್ಯವೋ ಕಂದಾಯ ಭೂಮಿಯೋ ಎಂಬ ತಕರಾರು ಎದ್ದಾಗಲೆಲ್ಲ ‘ಕಾನು ಅಂದ್ರೆ ಕಾಡೇ ತಾನೆ’ ಎಂದು ಒಂದು ಕಡೆಯವರು, ‘ಅಜ್ಜನ ಕಾಲದಿಂದ ಮೆಣಸು ಕೊಯ್ದ ಕಾನು, ನಮ್ಮದೇ’ ಎಂದು ಇನ್ನೊಂದು ಕಡೆಯವರು ಹಟ ಹಿಡಿಯುತ್ತಾರೆ. ಇಲ್ಲಿರುವುದು ಎರಡು ಬೇರೆ ಪ್ರಶ್ನೆ: ಕಾಯ್ದೆಯ ‘ಅರಣ್ಯ’ ಎಂಬ ಮಾತನ್ನು ಯಾವ ಕಾಲದ ಅರ್ಥದಲ್ಲಿ ಓದಬೇಕು, ಹಳೆ ದಾಖಲೆಯ ‘ಕಾನು’ ಎಂಬ ನಮೂದನ್ನು ಯಾವ ಕಾಲದ ಅರ್ಥದಲ್ಲಿ ಓದಬೇಕು.

ಕಾಯ್ದೆಯನ್ನು ಮುಂದಿನ ಕಾಲಕ್ಕೂ ಸೇರಿಸಿಯೇ ಬರೆದಿರುತ್ತಾರೆ. 1885ರ ಟೆಲಿಗ್ರಾಫ್ ಕಾಯ್ದೆಯ ಮಾತು, ಆಗ ಇಲ್ಲದಿದ್ದ ವೈರ್‌ಲೆಸ್‌ಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ ಲಕ್ಷ್ಮೀನಾರಾಯಣ ಚೋಪ್ರಾ ಪ್ರಕರಣದಲ್ಲಿ ಹೇಳಿದ್ದು ಅದಕ್ಕೇ. ಅರಣ್ಯ ಜಾಗವನ್ನು ಬೇರೆ ಬಳಕೆಗೆ ಕೊಡಲು ಕೇಂದ್ರದ ಅನುಮತಿ ಬೇಕೆನ್ನುವ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ‘ಅರಣ್ಯ’ ಎಂದರೇನೆಂದು ಹೇಳಿರಲಿಲ್ಲ. ನಿಘಂಟಿನ ಅರ್ಥ ಹಿಡಿಯಿರಿ ಎಂದಿತು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ಡಿಸೆಂಬರ್ 12ರ ಆದೇಶ (ಯಾವ ನಿಘಂಟು ಎನ್ನಲಿಲ್ಲ!). ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಜಾಗವನ್ನೂ, ಒಡೆತನ ಯಾರದ್ದೇ ಇರಲಿ, ಸೇರಿಸಿತು.

ಸೆಟ್ಲ್‌ಮೆಂಟ್ ದಾಖಲೆಯ (ಹಿಂದೆ ಭೂಮಿ ಅಳೆದು ಕಂದಾಯ ನಿಗದಿ ಮಾಡಿದಾಗಿನ ಕಡತ) ನಮೂದು ಹಾಗಲ್ಲ. ಅದು ಬರೆದ ದಿನದ ಸ್ಥಿತಿ ಹೇಳುತ್ತದೆ, ಆ ದಿನದ ಅರ್ಥದಲ್ಲೇ ಓದಬೇಕು. ಹಳೆ ಮೈಸೂರಿನಲ್ಲಿ ಕಾನು ಎಂದರೆ ರೈತರು ಮೆಣಸು, ದಾಲ್ಚಿನ್ನಿ, ಬಗನಿ ಮರದ ಕಳ್ಳು ತೆಗೆದು ಕಂದಾಯ ಕಟ್ಟುತ್ತಿದ್ದ ದಟ್ಟ ಹಸಿರಿನ ಜಾಗ. ಸೊರಬದ ಕಾನುಗಳ ಮೇಲೆಯೇ 1868ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಕೊಟ್ಟಿದ್ದರು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಮೈಸೂರು ಪ್ರದೇಶದ ಕಾನು, ಸೊಪ್ಪಿನಬೆಟ್ಟಗಳನ್ನು (ರೈತರು ಸೊಪ್ಪು ತರುವ ಗುಡ್ಡ) ಹೆಸರಿಸಿಯೇ ಅಲ್ಲಿನ ಸವಲತ್ತು ಉಳಿಸಿದೆ. ಸವಲತ್ತು ಮಾತ್ರ, ಒಡೆತನದ ಮಾತು ಅದರಲ್ಲಿಲ್ಲ. ಇದನ್ನು ನಮ್ಮ ರೈತ ಮುಖಂಡರು ಭಾಷಣದಲ್ಲಿ ಹೇಳುವುದೇ ಇಲ್ಲ.

ಈಗಿನ ಪಹಣಿಯೊಂದನ್ನೇ ಹಿಡಿದು ಕೋರ್ಟಿಗೆ ಹೋದರೆ ಕೇಸು ನಿಲ್ಲುವುದು ಕಷ್ಟ. ಮೊದಲು ಆ ಸರ್ವೆ ನಂಬರಿನ ಮೂಲ ಟಿಪ್ಪಣಿ (ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆಯ ದೃಢೀಕೃತ ನಕಲು ತೆಗೆಸಬೇಕು. ಅವುಗಳಲ್ಲಿ ‘ಬ’ ಖರಾಬು (ಖರಾಬು ಎಂದರೆ ಕಂದಾಯ ಹಾಕದೆ ಬಿಟ್ಟ ಜಾಗ) ಎಂದಿದ್ದರೆ ಅದು ದಾರಿ, ಕೆರೆಯಂಥ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು. ‘ಅ’ ಖರಾಬು ಸಾಗುವಳಿಗೆ ಬಾರದ್ದು. ಆಮೇಲೆ ಅರಣ್ಯ ಅಧಿಸೂಚನೆಯ ಚೆಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ) ನಕ್ಷೆಗೆ ತಾಳೆ ನೋಡಬೇಕು. ಬರೀ ಕಾನಿನ ಹೆಸರು ನೋಡಿ ಒಪ್ಪಿಕೊಂಡರೆ ಪಕ್ಕದೂರಿನ ಅದೇ ಹೆಸರಿನ ಕಾನು ಗಂಟುಬೀಳುವುದುಂಟು. 1963ರ ರಾಜ್ಯ ಅರಣ್ಯ ಕಾಯ್ದೆಯ 4ನೇ ಕಲಮಿನ ಅಧಿಸೂಚನೆ ಮೀಸಲು ಅರಣ್ಯ ಮಾಡುವ ಇರಾದೆಯಷ್ಟೆ, ಮೀಸಲಾಗುವುದು 17ರಲ್ಲಿ.

ಇಷ್ಟೆಲ್ಲ ಸಾಬೀತಾದರೂ ಜಾಗದಲ್ಲಿ ಕಾಡು ನಿಂತಿದ್ದರೆ 1980ರ ಕಾಯ್ದೆ ತಪ್ಪದು. 2023ರ ತಿದ್ದುಪಡಿ ಬಂದ ಮೇಲೂ ನಿಘಂಟಿನ ಅರ್ಥವನ್ನೇ ಸದ್ಯಕ್ಕೆ ಮುಂದುವರಿಸಿ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ.

– ಒಬ್ಬ ವಕೀಲ, ಸಾಗರ