ವ್ಯಾಕ್ಯೂಮ್ ಕ್ಲೀನರ್: ಶನಿವಾರ ರಾತ್ರಿಯೊಳಗೆ ಉತ್ತರಿಸಿ

ಎಲ್ಲರಿಗೂ ನಮಸ್ಕಾರ. ಎ ಮತ್ತು ಬಿ ಬ್ಲಾಕ್‌ನ ಸಾಮೂಹಿಕ ಬಳಕೆಗೆ ಹೊಸ ವ್ಯಾಕ್ಯೂಮ್ ಕ್ಲೀನರ್ ತರಬೇಕಿದೆ. ಭಾನುವಾರ ಬೆಳಿಗ್ಗೆ 11ಕ್ಕೆ ಕ್ಲಬ್‌ಹೌಸ್‌ನಲ್ಲಿ ತೀರ್ಮಾನ. ಈಗಿರುವುದರ ಮೇಲಿನ ದೂರುಗಳೆಲ್ಲ ನಿಜವೇ: ವೈರ್ ಗಿಡ್ಡ, ಪೈಪ್ ಎಳೆದರೆ ಮಷಿನ್ನೇ ಮಗುಚುತ್ತದೆ, ಡಬ್ಬಿ ಖಾಲಿ ಮಾಡುವಾಗ ಅರ್ಧ ಧೂಳು ಮುಖಕ್ಕೆ.

ವ್ಯಾಟ್ ನೋಡಿ ಮರುಳಾಗಬೇಡಿ. ಅದು ಮೋಟರ್ ತಿನ್ನುವ ಕರೆಂಟಿನ ಲೆಕ್ಕ, ಕಸ ಎಳೆಯುವ ಶಕ್ತಿಯದ್ದಲ್ಲ. ಯುರೋಪ್ ಒಕ್ಕೂಟ 2017ರಿಂದ 900 ವ್ಯಾಟ್ ಮಿತಿ ಹಾಕಿದೆ. ಅಲ್ಲಿನ ಮನೆಗಳೇನೂ ಕೊಳಕಾಗಿಲ್ಲ. ವೈರ್ ಕನಿಷ್ಠ 6 ಮೀಟರ್ ಇರಲಿ. ಬ್ಯಾಟರಿಯದು ಬೇಡವೇ ಬೇಡ, ಜೋರಾಗಿ ಇಟ್ಟರೆ ಒಂದು ಫ್ಲಾಟ್ ಮುಗಿಯುವಷ್ಟರಲ್ಲಿ ಚಾರ್ಜ್ ಖಾಲಿ.

ಮೊದಲು ಕೈಕೊಡುವುದು ಫಿಲ್ಟರ್. ಗೋಡೆ ಕೊರೆದ ಸಿಮೆಂಟ್ ಪುಡಿ ಅದರ ಮಡಿಕೆಗಳಲ್ಲಿ ಕೂತು ಗಾಳಿ ಕಟ್ಟುತ್ತದೆ. ಸದ್ದು ಬದಲಾಗುತ್ತದೆ, ಮೋಟರ್ ಕಾದು ತಾನೇ ನಿಲ್ಲುತ್ತದೆ. ಹೊಸದು ಬರುವ ತನಕ:

- ಸಿಮೆಂಟ್, ಪುಟ್ಟಿ, ಒದ್ದೆ ಕಸ ಎಳೆಯಬೇಡಿ.
- ಡಬ್ಬಿ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ.
- ಸ್ಪಂಜ್ ಫಿಲ್ಟರ್ ತೊಳೆದರೆ 24 ಗಂಟೆ ನೆರಳಲ್ಲಿ ಒಣಗಿಸಿ. ಹಸಿಯಾಗಿ ಹಾಕಿದರೆ ಮುಗ್ಗಲು ವಾಸನೆ ಮನೆಯೆಲ್ಲ.
- ಬ್ರಷ್‌ಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ತೆಗೆಯಿರಿ, ಎಳೆಯಬೇಡಿ.

ಇನ್ನು ನಿಮ್ಮ ಮಾತು: ಬ್ಯಾಗ್ ಇರುವುದೋ, ಡಬ್ಬಿಯದೋ? ಧೂಳಿನ ಅಲರ್ಜಿ ಇರುವವರಿಗೆ ಬ್ಯಾಗೇ ವಾಸಿ, ಆದರೆ ಬದಲಿ ಬ್ಯಾಗ್ ಇಲ್ಲೇ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಯಾರಾದರೂ ಇಬ್ಬರು ಅಂಗಡಿಗೆ ಹೋಗಿ ಕೇಳಿ ಬರುವಿರಾ? ಫ್ಲಾಟ್ ನಂಬರ್ ಜೊತೆ ಇಲ್ಲೇ ಬರೆಯಿರಿ.