ಊದುವ ವಾದ್ಯಕ್ಕೂ ಒಬ್ಬ ಮಾಸ್ತರು ಬೇಕು

ಮಾನ್ಯ ಸಂಪಾದಕರಿಗೆ,

ಕೊಳಲು, ಶಹನಾಯಿ, ಕ್ಲಾರಿನೆಟ್, ಸ್ಯಾಕ್ಸೋಫೋನ್ ಎಲ್ಲವನ್ನೂ ನುಡಿಸಿ, ಸ್ವರ ಸಂಯೋಜನೆಯನ್ನೂ ಮಾಡಿ, ನಾಲ್ಕು ಜನ ಶಿಷ್ಯರನ್ನೂ ತಯಾರು ಮಾಡಿದ ಕಲಾವಿದರಿಗೆ ಸನ್ಮಾನ ನಡೆದಾಗ ‘ದೈವದತ್ತ ಪ್ರತಿಭೆ’ ಎಂಬ ಮಾತು ಬಂದೇ ಬರುತ್ತದೆ. ಮಾತಿನಲ್ಲಿ ಗೌರವವಿದೆ. ಆದರೆ ಅವರು ಕಲಿತದ್ದೇನು, ಹೇಗೆ ಎಂಬುದು ಅದರ ಹಿಂದೆ ಮರೆಯಾಗಿ, ಮುಂದಿನ ಮಕ್ಕಳಿಗೆ ಕಲಿಸುವ ಏರ್ಪಾಟಿನ ಯೋಚನೆಯೇ ಯಾರಿಗೂ ಬರುವುದಿಲ್ಲ. ಸಂಗೀತ ಶಿಕ್ಷಕರೆಂದರೆ ಗಾಯನ, ಹಾರ್ಮೋನಿಯಂ, ತಬಲಾ ಎಂದೇ ನಮ್ಮ ಕಡೆ ಎಣಿಕೆ. ಬೆಳಗಾವಿಯಲ್ಲಿ ಸುಷಿರ ವಾದ್ಯಗಳಿಗೆಂದೇ, ಅಂದರೆ ಊದುವ ವಾದ್ಯಗಳಿಗೆಂದೇ, ಶಿಕ್ಷಕರೊಬ್ಬರು ಮತ್ತು ವಾದ್ಯ ರಿಪೇರಿಯ ಒಂದು ಸಣ್ಣ ಕೋಣೆ ಬೇಕು ಎಂಬುದು ನಮ್ಮ ಬೇಡಿಕೆ.

ಹಿಂದುಸ್ತಾನಿ ಕೊಳಲು ವಾದಕ ಪಂಡಿತ ಪನ್ನಾಲಾಲ್ ಘೋಷ್ (1911–1960) ಅವರನ್ನೇ ನೋಡಿ. ಮುಂಬೈ ಚಿತ್ರರಂಗದಲ್ಲಿ ಸಂಗೀತ ನಿರ್ದೇಶಕರಾಗಿ ದುಡಿದವರು 1947ರಲ್ಲಿ, ಹೆಸರು ಬಂದ ಮೇಲೆ, ಉಸ್ತಾದ್ ಅಲ್ಲಾವುದ್ದೀನ್ ಖಾನರ ಮುಂದೆ ಶಿಷ್ಯರಾಗಿ ಕೂತರು. ಸುಮಾರು 32 ಇಂಚಿನ ಉದ್ದ ಕೊಳಲನ್ನು ಶಾಸ್ತ್ರೀಯ ಸಂಗೀತದ ವೇದಿಕೆಗೆ ತಂದರು. ಏಳನೆಯ ರಂಧ್ರ ಕೊರೆದರು. ಸಾಮಾನ್ಯ ಕೊಳಲಿನ ಆರೂ ರಂಧ್ರ ಮುಚ್ಚಿದರೆ ಸಿಗುವುದು ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ‘ಪ’. ಅದರ ಕೆಳಗಿನ ತೀವ್ರ ಮಧ್ಯಮಕ್ಕೆ (ಏರಿಸಿದ ‘ಮ’ಕ್ಕೆ) ಆ ಏಳನೆಯ ರಂಧ್ರವೇ ಬೇಕು; ಅದಿಲ್ಲದಿದ್ದರೆ ಯಮನ್‌ನಂಥ ರಾಗದ ಮಂದ್ರ ಆಲಾಪ ಪಂಚಮಕ್ಕೇ ನಿಂತುಬಿಡುತ್ತದೆ. ನೂಪುರಧ್ವನಿ, ಚಂದ್ರಮೌಳಿ, ದೀಪಾವಳಿಯಂಥ ರಾಗಗಳನ್ನು ರಚಿಸಿದರು, ದೆಹಲಿ ಆಕಾಶವಾಣಿಯ ವಾದ್ಯವೃಂದ ನಡೆಸಿದರು, ದೇವೇಂದ್ರ ಮುರ್ಡೇಶ್ವರರಂಥ ಶಿಷ್ಯರನ್ನು ಬಿಟ್ಟುಹೋದರು. ವಾದನ, ಸಂಯೋಜನೆ, ಪಾಠ ಅವರಲ್ಲಿ ಒಂದೇ ಕೆಲಸದ ಮೂರು ಮುಖಗಳಾಗಿದ್ದವು.

ಒಂದು ವಾದ್ಯ ಬಂದರೆ ಉಳಿದವು ತಾವಾಗಿ ಬರುತ್ತವೆ ಎಂಬ ನಂಬಿಕೆ ತಪ್ಪು. ಕೊಳಲು, ಶಹನಾಯಿ, ಸ್ಯಾಕ್ಸೋಫೋನ್ ಮೂರೂ ಊದಿನ ಒತ್ತಡ ಹೆಚ್ಚಿಸಿದಾಗ ಒಂದು ಸಪ್ತಕ ಮೇಲೆ ಹಾರುತ್ತವೆ. ಹಾಗಾಗಿ ಕೆಳಗೆ ‘ಸಾ’ ಇದ್ದ ಬೆರಳಿಗೆ ಮೇಲೆಯೂ ಹೆಚ್ಚುಕಡಿಮೆ ‘ಸಾ’ನೇ. ಕ್ಲಾರಿನೆಟ್ ಹಾಗಲ್ಲ. ಅದರ ಕೊಳವೆ ಒಂದೇ ಅಗಲದ್ದು, ಒಂದು ತುದಿ ಮುಚ್ಚಿದ ಹಾಗೆ ವರ್ತಿಸುತ್ತದೆ; ಅದು ಹಾರುವುದು ಒಂದು ಸಪ್ತಕದ ಮೇಲೆ ಮತ್ತೊಂದು ಪಂಚಮದಷ್ಟು. ಕೆಳಗೆ ‘ಸಾ’ ಆದ ಬೆರಳು ಮೇಲೆ ‘ಪ’ ಆಗುತ್ತದೆ. ಮದುವೆ ಹಂಗಾಮಿಗೆಂದು ಮೊದಲು ಸ್ಯಾಕ್ಸೋಫೋನ್ ಹಿಡಿದವರು ಆಮೇಲೆ ಕ್ಲಾರಿನೆಟ್‌ನಲ್ಲಿ ಎಡವುವುದು ಇಲ್ಲಿಯೇ. ತುಟಿಯ ಹಿಡಿತವೂ ಸಡಿಲಾಗಿರುತ್ತದೆ. ಮೊದಲು ಕೊಳಲು, ನಂತರ ಕ್ಲಾರಿನೆಟ್, ಆಮೇಲೆ ಸ್ಯಾಕ್ಸೋಫೋನ್ ಎಂಬ ಕ್ರಮವೇ ನಮಗೆ ಸರಿಯೆನಿಸುತ್ತದೆ. ಶಹನಾಯಿಯ ಜೋಡು ಪತ್ತಿಗೆ (ಊದುವ ತುದಿಯ ರೀಡಿಗೆ) ತುಟಿ ಬಿಗಿಯಬೇಕು; ಅದನ್ನು ನುಡಿಸಿದ ತಕ್ಷಣ ಕೊಳಲೆತ್ತಿದರೆ ಸ್ವರಕ್ಕಿಂತ ಗಾಳಿಯೇ ಹೆಚ್ಚು ಕೇಳುತ್ತದೆ. ಆದ್ದರಿಂದ ದಿನದ ಸಾಧನೆಯಲ್ಲಿ ಕೊಳಲು ಮೊದಲು, ಪತ್ತಿಯ ವಾದ್ಯ ಆಮೇಲೆ.

ಶಹನಾಯಿಗೆ ದಾರದಲ್ಲಿ ಕಟ್ಟಿ ಇಳಿಬಿಟ್ಟಿರುತ್ತಾರಲ್ಲ, ಆ ಪತ್ತಿಗಳು ಮತ್ತು ಸೂಜಿ ಅಲಂಕಾರಕ್ಕಲ್ಲ. ಒಣಗಿದ ಪತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದನ್ನು ನೆನೆಸಿ, ಸೂಜಿಯಿಂದ ಹದವಾಗಿ ಬಿಡಿಸಬೇಕು. ಹೆಚ್ಚು ತೆರೆದರೆ ಉಸಿರು ಸಾಲದು, ಕಡಿಮೆಯಾದರೆ ಸ್ವರ ಕಟ್ಟಿಕೊಳ್ಳುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಸಿದ್ಧವಿರಲಿ ಎಂದೇ ನಾಲ್ಕಾರು. ಕರಡಿ ಮಜಲೆಂಬ ವಾದ್ಯಮೇಳದ ಮುಂದೆ ತಾಸುಗಟ್ಟಲೆ ಸನಾದಿ (ಶಹನಾಯಿ) ನುಡಿಸುವ ಕುಟುಂಬಗಳಿಗೆ ಇದು ಕೈಗತವಾದ ವಿದ್ಯೆ. ಒಂದೇ ಸ್ವರವನ್ನು ಎಡೆಬಿಡದೆ ಊದಿ ಶ್ರುತಿ ಹಿಡಿಯುವವರು ಕೆನ್ನೆಯಲ್ಲಿ ಗಾಳಿ ಕೂಡಿಟ್ಟು, ಅದನ್ನು ಹೊರದೂಡುತ್ತಲೇ ಮೂಗಿನಿಂದ ಉಸಿರೆಳೆಯುವ ರೀತಿಯನ್ನು ಯಾವ ಪುಸ್ತಕ ಓದಿಯೂ ಕಲಿಯಲಾಗದು. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದ್ದನ್ನು ನಾಡೆಲ್ಲ ಹೆಮ್ಮೆಯಿಂದ ನೆನೆಯುತ್ತದೆ. ಅದೇ ವಾದ್ಯ ಹಿಡಿದ ನಮ್ಮ ಹಳ್ಳಿಗಳ ಹಿರಿಯರನ್ನು ತರಗತಿಗೆ ಕರೆದು, ಗೌರವಧನ ಕೊಟ್ಟು ಕಲಿಸಲು ಕೂರಿಸಬೇಕು. ಪ್ರಮಾಣಪತ್ರ ಇಲ್ಲವೆಂದು ಅವರನ್ನು ಹೊರಗಿಡುವುದು ಅನ್ಯಾಯ.

ಸಂಯೋಜನೆ ಮಾಡುವವರಿಗೆ ಷಡ್ಜದ, ಅಂದರೆ ‘ಸಾ’ದ, ಲೆಕ್ಕ ಬಾಯಿಗೆ ಬರಬೇಕು. ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗಳಲ್ಲಿ ಬೆರಳಿನ ಸ್ವರದ ಹೆಸರೇ ಬೇರೆ, ಕೇಳುವ ಸ್ವರವೇ ಬೇರೆ. ಗಾಯಕರು ಕಪ್ಪು 1ರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು (ಸಿ ಶಾರ್ಪ್) ‘ಸಾ’ ಮಾಡಿಕೊಂಡು ಹಾಡಿದರೆ ಬಿ ಫ್ಲಾಟ್ ಕ್ಲಾರಿನೆಟ್‌ನವರ ‘ಸಾ’ ಡಿ ಶಾರ್ಪ್, ಆಲ್ಟೊ ಸ್ಯಾಕ್ಸೋಫೋನ್‌ನವರದು ಎ ಶಾರ್ಪ್. ಹೊಸಬರಿಗೆ ಎರಡೂ ಕಷ್ಟದ ಬೆರಳುಗಳು. ಶಾಲೆಯ ಸಮೂಹಗೀತೆಗೆ ಷಡ್ಜವನ್ನು ಕಪ್ಪು 5ಕ್ಕೆ ಇಟ್ಟರೆ ಕ್ಲಾರಿನೆಟ್‌ಗೆ ಸಿ, ಆಲ್ಟೊಗೆ ಜಿ ಬರುತ್ತದೆ. ಮಕ್ಕಳು ಸಲೀಸಾಗಿ ನುಡಿಸುತ್ತಾರೆ. ಕೊಳಲಿನವರು ಮಾತ್ರ ಷಡ್ಜಕ್ಕೆ ತಕ್ಕ ಬೇರೆ ಕೊಳಲನ್ನೇ ತರಬೇಕು. ಪ್ರತಿ ಸಾಲಿನ ಕೊನೆಗೆ ಉಸಿರಿಗೆ ಜಾಗ ಬಿಡಬೇಕು. ಹಾರ್ಮೋನಿಯಂ ಮುಂದೆ ಕೂತು ಕಟ್ಟಿದ ಟ್ಯೂನ್‌ನಲ್ಲಿ ಅದೇ ಮರೆತುಹೋಗುತ್ತದೆ, ಊದುವವರು ಮೂರನೇ ಸಾಲಿಗೇ ಸೋಲುತ್ತಾರೆ.

ಹವೆಯ ತೊಂದರೆ ಬೇರೆ. ಬಿಸಿಲು 10 ಡಿಗ್ರಿ ಏರಿದರೆ ಕೊಳಲಿನ ಶ್ರುತಿ ಅರ್ಧಸ್ವರದ ಸುಮಾರು ಕಾಲು ಭಾಗ ಏರುತ್ತದೆ, ಹಾರ್ಮೋನಿಯಂ ಹಾಗೆ ಏರುವುದಿಲ್ಲ. ವಿಜಯಪುರದ ಏಪ್ರಿಲ್ ಮಧ್ಯಾಹ್ನದಲ್ಲಿ ಎರಡೂ ಕೂಡದಿದ್ದರೆ ಹುಡುಗನ ಕಿವಿಯನ್ನು ದೂರಬೇಡಿ. ಊದುವ ರಂಧ್ರವನ್ನು ತುಟಿಯ ಕಡೆಗೆ ತುಸು ಹೊರಳಿಸಲು ಹೇಳಿ, ಸ್ವರ ಇಳಿಯುತ್ತದೆ. ಒಣಹವೆಗೆ ಬಿದಿರು ಸೀಳುವುದರಿಂದ ಆಗಾಗ ಒಳಗೆ ತೆಳುವಾಗಿ ಎಣ್ಣೆ ಸವರಬೇಕು, ದಾರದ ಕಟ್ಟು ಬಿಚ್ಚದಂತೆ ನೋಡಿಕೊಳ್ಳಬೇಕು. ಬೆಳಗಾವಿಯ ಮಳೆಗಾಲದ ಕಾಟ ಕ್ಲಾರಿನೆಟ್‌ಗೆ: ಪ್ಯಾಡುಗಳು ತೇವ ಹೀರಿ ಉಬ್ಬುತ್ತವೆ, ಗಾಳಿ ಸೋರುತ್ತದೆ. ಪ್ಯಾಡಿನಡಿ ಸಿಗರೇಟು ಸುತ್ತುವ ತೆಳು ಕಾಗದದ ಪಟ್ಟಿಯಿಟ್ಟು, ಕೀಲಿ ಮುಚ್ಚಿ ಮೆಲ್ಲಗೆ ಎಳೆದರೆ ಎಲ್ಲಿ ಹಿಡಿತವಿಲ್ಲವೋ ಅಲ್ಲಿ ಕಾಗದ ಜಾರಿ ಬರುತ್ತದೆ. ಇನ್ನು ಕ್ಲಾರಿನೆಟ್ ಕೀಂಯ್ ಎಂದೊಡನೆ ಹೊಸ ರೀಡಿಗೆ ದುಡ್ಡು ಕೊಡುವುದು ಬೇಡ. ಹೆಚ್ಚಿನ ಸಲ ಬಲಗೈಯ ಉಂಗುರ ಬೆರಳು ರಂಧ್ರವನ್ನು ಪೂರ್ತಿ ಮುಚ್ಚಿರುವುದಿಲ್ಲ.

ಇಷ್ಟೆಲ್ಲ ಕಲಿಸುವ ಜನ ಹೊರಗಿನಿಂದ ಬರಬೇಕಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಕೇಂದ್ರ ಇರುವುದು ಬೆಳಗಾವಿಯಲ್ಲೇ. ಸೇನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್, ಸ್ಯಾಕ್ಸೋಫೋನ್ ನುಡಿಸಿ ನಿವೃತ್ತರಾದವರಿಗೆ ಸ್ವರಲಿಪಿ ಓದುವುದೂ ಗೊತ್ತು, ಪ್ಯಾಡು ಬದಲಿಸುವುದೂ ಗೊತ್ತು. ಅವರು, ಸನಾದಿಯ ಹಿರಿಯರು, ಹಿಂದುಸ್ತಾನಿ ಕೊಳಲಿನವರು ವಾರಕ್ಕೆರಡು ದಿನ ಒಂದೇ ಸೂರಿನಡಿ ಪಾಠ ಹೇಳಲಿ. ಶುರುವಿಗೆ ಮಕ್ಕಳ ಕೈಗೆ ಎಟುಕುವ ಬಿಳಿ 5ರ 10 ಕೊಳಲು, ಮರದ ಬದಲು ಪ್ಲಾಸ್ಟಿಕ್ಕಿನ 2 ಕ್ಲಾರಿನೆಟ್, 1 ಆಲ್ಟೊ, ಶ್ರುತಿ ಸಮೇತ 1 ಜೋಡಿ ಶಹನಾಯಿ, 2 ಮತ್ತು 2½ ನಂಬರಿನ ರೀಡುಗಳು ಸಾಕು. ಒಬ್ಬೊಬ್ಬರಿಗೂ ಮೂರು ರೀಡು ಕೊಟ್ಟು, ಮೇಲೆ ನಂಬರು ಬರೆದು, ಸರದಿಯ ಮೇಲೆ ಬಳಸಲು ಹೇಳಬೇಕು. ಮರದ ಕ್ಲಾರಿನೆಟ್ ಆಮೇಲೆ ಕೊಂಡರಾಯಿತು. ಡಿಸೆಂಬರ್ ಚಳಿಯಲ್ಲಿ ತಣ್ಣಗಿರುವ ಮರಕ್ಕೆ ಒಮ್ಮೆಲೇ ಬಿಸಿ ಉಸಿರು ತುಂಬಿದರೆ ಅದು ಬಿರುಕು ಬಿಡುತ್ತದೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ಜಿಲ್ಲಾಡಳಿತ ಬರುವ ಜೂನ್‌ಗೆ ಮೊದಲೇ ಒಂದು ಕೋಣೆ ಗುರುತಿಸಿದರೆ, ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಹೆಸರು ಬರೆದುಕೊಳ್ಳಬಹುದು.

– ಸುಷಿರ ವಾದ್ಯಗಳ ಶಿಕ್ಷಕರು, ಬೆಳಗಾವಿ